ಕಾಳಿಯ ನಾಲಿಗೆಯ ಹಚ್ಚೆ

ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲೆಂಡಿನ ರಾಕ್ ವಾದ್ಯವೃಂದದ ಅಭಿಮಾನಿಗಳು ಅನೇಕರು ಅದರ ಚಿಹ್ನೆಯಾದ ಕೆಂಪು ನಾಲಿಗೆಯನ್ನು ಮೈಮೇಲೆ ಹಚ್ಚೆಯಾಗಿ ಹಾಕಿಸಿಕೊಳ್ಳುತ್ತಾರೆ. ಈ ನಾಲಿಗೆಯ ಇತಿಹಾಸ ನಮ್ಮವರಿಗೂ ತಿಳಿದಿರಬೇಕು.

1970ರಲ್ಲಿ ಗಾಯಕ ಮಿಕ್ ಜಾಗರ್, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿಯುತ್ತಿದ್ದ ಜಾನ್ ಪಾಶ್ ಅವರಿಗೆ ಕಾಳೀಮಾತೆಯ ಚಿತ್ರವೊಂದನ್ನು ತೋರಿಸಿದರು. ದೇವಿಯ ಹೊರಚಾಚಿದ ನಾಲಿಗೆಯೇ ಪಾಶ್ ಅವರ ಚಿಹ್ನೆಗೆ ಪ್ರೇರಣೆಯಾಯಿತು. ಆಗ ಅವರಿಗೆ ದೊರೆತ ಸಂಭಾವನೆ 50 ಪೌಂಡು. 1971ರ ‘ಸ್ಟಿಕಿ ಫಿಂಗರ್ಸ್’ ಧ್ವನಿಮುದ್ರಿಕೆಯೊಂದಿಗೆ ಚಿಹ್ನೆ ಲೋಕಪ್ರಸಿದ್ಧವಾಯಿತು. 2008ರಲ್ಲಿ ಅದರ ಮೂಲಚಿತ್ರವನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವು ಕೊಂಡುಕೊಂಡಿತು.

ನನ್ನ ಮೊಮ್ಮಗ ಈ ನಾಲಿಗೆಯನ್ನು ತೋಳಿಗೆ ಹಾಕಿಸಿಕೊಂಡು ಬಂದಾಗ ಅವನ ತಂದೆ ತಿಂಗಳುಗಟ್ಟಲೆ ಅವನೊಡನೆ ಮಾತು ಬಿಟ್ಟಿದ್ದರು. ನಾನು ಅವರಿಗೆ ನನ್ನ ಅಜ್ಜಿಯ ಕೈಯನ್ನು ನೆನಪಿಸಿದೆ. ಕೊರವಂಜಿಯ ಸೂಜಿಗೆ ಕೈಯೊಡ್ಡಿ ಆಕೆ ಹಚ್ಚೆ ಹೊಯ್ಯಿಸಿಕೊಂಡಿದ್ದಳು. ಸತ್ತಾಗ ಒಡವೆಯನ್ನೆಲ್ಲ ಬಿಚ್ಚಿಕೊಳ್ಳುತ್ತಾರೆ, ಜೊತೆಗೆ ಬರುವುದು ಹಚ್ಚೆಯೊಂದೇ ಎಂಬುದು ಅವಳ ನಂಬಿಕೆ.

ಅಜ್ಜಿಯ ಭಕ್ತಿ ಬೇರೆ, ಹುಡುಗನ ಅಭಿಮಾನ ಬೇರೆ, ನಿಜ. ಆದರೆ ಪ್ರೀತಿಸಿದ್ದನ್ನು ನೋವು ಸಹಿಸಿ ಕೊನೆಯವರೆಗೂ ಮೈಮೇಲೆ ಹೊರುವ ಹಂಬಲ ಇಬ್ಬರದೂ ಒಂದೇ. ಅದನ್ನು ಬರಿಯ ಪರದೇಶದ ಹುಚ್ಚೆಂದು ಜರೆಯಲು ನನಗೆ ಮನಸ್ಸು ಬಾರದು.