ನೊಂದ ಮನಕ್ಕೆ ನೆರವು

ನಿಮ್ಮ ಮನೆಯ ರೇಡಿಯೋ ಪೆಟ್ಟಿಗೆಗೂ ಮನಶ್ಶಾಸ್ತ್ರಕ್ಕೂ ಒಂದು ನೆಂಟಸ್ತಿಕೆಯುಂಟೆಂದರೆ ನಿಮಗೆ ಅಚ್ಚರಿಯಾದೀತು. 1935ನೆಯ ಇಸವಿ ಸೆಪ್ಟೆಂಬರ್ 10ರಂದು ಮೈಸೂರಿನ ಮೊದಲ ಬಾನುಲಿ ಪ್ರಸಾರ ಹೊರಟದ್ದು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರ ಮನೆಯಿಂದ. ಇಂದಿನ ಆಕಾಶವಾಣಿ ನಿಲಯಕ್ಕೆ ಸಮೀಪದಲ್ಲಿಯೇ ಇದ್ದ ಆ ಮನೆಯ ಹೆಸರು ‘ವಿಠಲ ವಿಹಾರ’. ಪ್ರಸಾರ ಯಂತ್ರದ ಶಕ್ತಿ ಕೇವಲ 30 ವ್ಯಾಟ್. ಲಂಡನ್ನಿನಲ್ಲಿ ವಿದ್ಯಾಭ್ಯಾಸ ಮಾಡಿ ಬಂದ ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದವರು. ಮನಸ್ಸನ್ನು ಬಲ್ಲವರೊಬ್ಬರು, ದೂರದ ಮನೆಗಳಿಗೆ ಮನುಷ್ಯನ ದನಿಯನ್ನು ಮುಟ್ಟಿಸುವ ಕೆಲಸಕ್ಕೆ ಕೈಹಾಕಿದರು.

ಅದೇ 1935ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಚಾಡ್ ವರಾ ಎಂಬ ತರುಣ ಪಾದ್ರಿ, ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಿದ್ದ ಎಳೆಯ ಹುಡುಗಿಯೊಬ್ಬಳ ಅಂತ್ಯಕ್ರಿಯೆ ನಡೆಸಬೇಕಾಯಿತು. ಅವಳು ಮೈನೆರೆದಿದ್ದಳು, ಅದನ್ನು ಯಾವುದೋ ಘೋರವಾದ ರೋಗವೆಂದು ತಿಳಿದು ಹೆದರಿದ್ದಳು. ಕೇಳಿ ತಿಳಿಯಲು ಅವಳಿಗೆ ಯಾರೂ ಇರಲಿಲ್ಲ. ಈ ಸಂಗತಿ ವರಾ ಅವರ ಮನಸ್ಸನ್ನು ಬಿಡದೆ ಕಾಡಿತು.

ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಮನಸ್ಸು ನೊಂದವರಿಗೆ ಯಾವ ದಾರಿಯಿತ್ತು? ದೇವರಿಗೆ ಹರಕೆ, ಕೈಗೆ ತಾಯತ. ಅದನ್ನೂ ಮೀರಿದರೆ ಬೆಂಗಳೂರಿನ ಹುಚ್ಚಾಸ್ಪತ್ರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಆ ಸಂಸ್ಥೆಗೆ 1925ರಲ್ಲಿ ‘ಮಾನಸಿಕ ಆಸ್ಪತ್ರೆ’ ಎಂದು ಹೊಸ ಹೆಸರಿಟ್ಟರೂ ಜನರ ಬಾಯಲ್ಲಿ ಹಳೆಯ ಮಾತೇ ಉಳಿಯಿತು. ಬಾಳು ಬೇಡವೆನಿಸಿದವರಿಗಂತೂ ಆಸ್ಪತ್ರೆಗಿಂತ ಮೊದಲು ಪೊಲೀಸು ಠಾಣೆಯ ಭಯ. 1860ರ ಭಾರತ ದಂಡ ಸಂಹಿತೆಯ 309ನೆಯ ಕಲಮಿನ ಪ್ರಕಾರ ಆತ್ಮಹತ್ಯೆಯ ಪ್ರಯತ್ನವು ಅಪರಾಧ. ಅದಕ್ಕೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ಹೀಗಿರುವಾಗ ಮನೆಯವರು ವಿಷಯವನ್ನು ಮುಚ್ಚಿಡದೆ ಇನ್ನೇನು ಮಾಡಿಯಾರು?

ಬೆಂಗಳೂರಿನ ಆಸ್ಪತ್ರೆಯೊಂದಿಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿಕೊಂಡಿತು. ಅದರ ಮೊದಲ ನಿರ್ದೇಶಕರು ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿ, ನಮ್ಮ ಬಾನುಲಿಯ ಗೋಪಾಲಸ್ವಾಮಿಯವರೇ ಇವರೆಂದು ಭ್ರಮಿಸಬಾರದು. 1974ರಲ್ಲಿ ಇವೆರಡೂ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ಎಷ್ಟೇ ದೊಡ್ಡ ಆಸ್ಪತ್ರೆಯಾದರೂ ಹಳ್ಳಿಯ ಎಲ್ಲರೂ ಅಲ್ಲಿಗೆ ಬರಲಾರರಷ್ಟೆ. ಆದುದರಿಂದ ಅಲ್ಲಿನ ವೈದ್ಯರು ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೊಂದನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಶಿಕ್ಷಣ ಕೊಡತೊಡಗಿದರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಇದೇ ಕ್ರಮವನ್ನು ನಡೆಸಿ ನೋಡಿದರು. ಬಳ್ಳಾರಿಯ ಆ ಮಾದರಿಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮೂಲವಾಯಿತು. ಕನ್ನಡ ನಾಡು ಇದಕ್ಕಾಗಿ ಹೆಮ್ಮೆಪಡಬಹುದು.

ಇತ್ತ ಚಾಡ್ ವರಾ ಅವರು 1953ರಲ್ಲಿ ಲಂಡನ್ನಿನ ತಮ್ಮ ಚರ್ಚಿನಲ್ಲಿ ಒಂದು ಟೆಲಿಫೋನನ್ನು ಇಟ್ಟುಕೊಂಡು, ಬಾಳು ಬೇಸರವಾದವರು ತಮ್ಮನ್ನು ಕರೆಯಬಹುದೆಂದು ಸಾರಿದರು. ಬಂದವರ ಸಂಖ್ಯೆ ಹೆಚ್ಚಿತು. ಸರದಿಗಾಗಿ ಹೊರಗೆ ಕುಳಿತವರಿಗೆ ಕಾಫಿ ಕೊಟ್ಟು ಮಾತಾಡಿಸಲು ಕೆಲವು ಸ್ವಯಂಸೇವಕರು ನಿಂತರು. ಆಗ ಒಂದು ವಿಚಿತ್ರ ಕಂಡಿತು. ಬಂದವರಲ್ಲಿ ಅನೇಕರು ಈ ಸಾಮಾನ್ಯ ಜನರೊಂದಿಗೆ ಮನಸ್ಸು ಬಿಚ್ಚಿ ಮಾತಾಡಿ, ಪಾದ್ರಿಯವರನ್ನು ಕಾಣುವ ಅಗತ್ಯವೇ ಇಲ್ಲದೆ ಹಗುರಾಗಿ ಹಿಂದಿರುಗುತ್ತಿದ್ದರು! ಅವರಿಗೆ ಬೇಕಾಗಿದ್ದುದು ಉಪದೇಶವಲ್ಲ, ತಾಳ್ಮೆಯಿಂದ ಕೇಳಿಸಿಕೊಳ್ಳುವವರು. ಮರುವರ್ಷವೇ ವರಾ ಅವರು ಟೆಲಿಫೋನನ್ನು ಆ ಸ್ವಯಂಸೇವಕರ ಕೈಗೆ ಒಪ್ಪಿಸಿದರು. ನಮ್ಮ ಕಡೆ 1986ರಲ್ಲಿ ಮದರಾಸಿನ ‘ಸ್ನೇಹಾ’, 2002ರಲ್ಲಿ ಬೆಂಗಳೂರಿನ ‘ಸಹಾಯ್’ ಇದೇ ಹಾದಿ ಹಿಡಿದವು.

ಕಾನೂನೂ ತಡವಾಗಿ ಕಣ್ಣು ತೆರೆಯಿತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸತಕ್ಕದ್ದು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎಂದು ಅದು ಹೇಳುತ್ತದೆ. 2024ರ ಜುಲೈ 1ರಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮೇ ಇಲ್ಲ. ಶಿಕ್ಷೆಯ ಭಯದಿಂದ ಬಾಯಿ ಮುಚ್ಚಿಕೊಳ್ಳಬೇಕಾದ ಕಾಲ ಕಳೆಯಿತು.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. ಅದರ ಮಾರ್ಗದರ್ಶನ ನಿಮ್ಹಾನ್ಸ್‌ನದು. ಸಂಖ್ಯೆ 14416. ಹಗಲಿರುಳೂ ತೆರೆದಿರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ನೊಂದವರಷ್ಟೇ ಅಲ್ಲದೆ ಅವರ ಮನೆಯವರೂ ಕರೆಯಬಹುದು. ಎದುರಿಗೆ ಕುಳಿತು ವೈದ್ಯರನ್ನು ಕಾಣಬೇಕೆಂದರೆ ನಮ್ಮೂರಿನ ದೊಡ್ಡಾಸ್ಪತ್ರೆಯಲ್ಲಿ, ಎಂದರೆ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ, ಮನೋವೈದ್ಯ ವಿಭಾಗವಿದೆ, ಜೆ.ಎಸ್.ಎಸ್. ಆಸ್ಪತ್ರೆಯಲ್ಲಿಯೂ ಇದೆ. ಪ್ರಾಣಕ್ಕೇ ಅಪಾಯವೆನಿಸಿದ ಗಳಿಗೆಯಲ್ಲಿ 108 ಅಥವಾ 112ನ್ನು ಕರೆಯಿರಿ. ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬೇಡಿ.

ಇನ್ನು ನಿಮ್ಮ ಪಾಲಿನ ಕೆಲಸ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಹುಡುಗ, ಬಾಣಂತನ ಮುಗಿಸಿಯೂ ಮಂಕಾಗಿಯೇ ಇರುವ ಸೊಸೆ, ಸಾಲದಲ್ಲಿ ಸಿಲುಕಿದ ನೆರೆಮನೆಯವರು, ಪತ್ನಿಯನ್ನು ಕಳೆದುಕೊಂಡ ವೃದ್ಧರು, ‘ನಾನಿಲ್ಲದಿದ್ದರೇ ನಿಮಗೆಲ್ಲ ಒಳ್ಳೆಯದು’ ಎಂದರೆ ಅದನ್ನು ಬರಿಯ ಬೇಸರದ ಮಾತೆಂದು ತಳ್ಳಿಹಾಕಬೇಡಿ. ಪಕ್ಕದಲ್ಲಿ ಕುಳಿತು, ‘ಸಾಯಬೇಕೆಂಬ ಯೋಚನೆ ಬರುತ್ತಿದೆಯೇ?’ ಎಂದು ನೇರವಾಗಿಯೇ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. ಅದು ನಿಜವಲ್ಲವೆಂದು ತಜ್ಞರು ಕಂಡುಕೊಂಡಿದ್ದಾರೆ. ಕೇಳುವವರು ಸಿಕ್ಕಿದರೆಂಬುದೇ ಅನೇಕರಿಗೆ ದೊಡ್ಡ ಸಮಾಧಾನ. ಬುದ್ಧಿವಾದ ಹೇಳುವ ಆತುರ ಬೇಡ. ಅವರು ಹೇಳಿ ಮುಗಿಸಲಿ. ಆಮೇಲೆ ಜೊತೆಯಲ್ಲಿಯೇ ಕುಳಿತು ದೂರವಾಣಿ ಮಾಡಿ, ಜೊತೆಯಲ್ಲಿಯೇ ಆಸ್ಪತ್ರೆಗೆ ಹೋಗಿ.

ಗೋಪಾಲಸ್ವಾಮಿಯವರ ಪೆಟ್ಟಿಗೆ ನಮ್ಮೊಡನೆ ಮಾತಾಡಬಲ್ಲದು, ನಮ್ಮ ಮಾತನ್ನು ಕೇಳಲಾರದು. ಆ ಕೆಲಸ ಮನುಷ್ಯರೇ ಮಾಡಬೇಕಾದದ್ದು. ಈ ಪುಟವನ್ನು ಮಡಿಸಿಡುವ ಮೊದಲು, ಮನೆಯಲ್ಲಿ ಮೊಳೆಗೆ ತೂಗುಹಾಕಿರುವ ಒಂಟಿಕೊಪ್ಪಲ್ ಪಂಚಾಂಗದ ಮೇಲೆ, ಎಲ್ಲರ ಕಣ್ಣಿಗೂ ಬೀಳುವಂತೆ, 14416 ಎಂದು ದಪ್ಪಕ್ಷರದಲ್ಲಿ ಬರೆದಿಡಿ. ಯಾರಿಗಾಗಿ ಎಂದು ಹೇಳಬೇಕಾಗಿಲ್ಲ, ಬೇಕಾದವರು ನೋಡಿಕೊಳ್ಳುತ್ತಾರೆ.