ಬೀಡಿ ಬಿಡಿಸುವ ಸೂಜಿ: ಹಾಂಗ್‌ಕಾಂಗ್‌ನಿಂದ ಕೋಲಾರದವರೆಗೆ

ಬೀಡಿ, ಸಿಗರೇಟು ಬಿಡಲು ಕಿವಿಗೆ ಸೂಜಿ ಚುಚ್ಚಿಸಿಕೊಳ್ಳುವುದು ಸಾವಿರಾರು ವರ್ಷಗಳ ಚೀನೀ ವಿದ್ಯೆ ಎಂದು ನಂಬಿದವರು ಬಹಳ. ಆಕ್ಯುಪಂಕ್ಚರ್ ಹಳೆಯದು, ನಿಜ. ಆದರೆ ಅದನ್ನು ಚಟ ಬಿಡಿಸಲು ಬಳಸತೊಡಗಿದ್ದು ಮೊನ್ನೆ ಮೊನ್ನೆ. 1950ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಪಾಲ್ ನೋಜಿಯೆ ಕಿವಿಯ ಮೇಲೆ ಇಡೀ ದೇಹದ ನಕ್ಷೆ ಬರೆದರು. 1972ರಲ್ಲಿ ಹಾಂಗ್‌ಕಾಂಗ್‌ನ ನರಶಸ್ತ್ರವೈದ್ಯ ಎಚ್.ಎಲ್. ವೆನ್, ನೋವು ತಗ್ಗಿಸಲೆಂದು ಸೂಜಿಗೆ ಸಣ್ಣಗೆ ವಿದ್ಯುತ್ ಹಾಯಿಸುತ್ತಿದ್ದಾಗ ಅಫೀಮು ಚಟದ ರೋಗಿಗಳ ಚಡಪಡಿಕೆಯೂ ಇಳಿದದ್ದನ್ನು ಗಮನಿಸಿ, ಮರುವರ್ಷ ಪ್ರಕಟಿಸಿದರು. ನ್ಯೂಯಾರ್ಕಿನ ಲಿಂಕನ್ ಆಸ್ಪತ್ರೆಯಲ್ಲಿ ಮೈಕೆಲ್ ಸ್ಮಿತ್ ಮತ್ತು ಸಂಗಡಿಗರು ವಿದ್ಯುತ್ತನ್ನು ಕೈಬಿಟ್ಟು, ಕಿವಿಯ ಐದು ಬಿಂದುಗಳಿಗೆ ಬರೀ ಸೂಜಿ ಚುಚ್ಚುವ ಕ್ರಮವನ್ನು ರೂಢಿಗೆ ತಂದರು. ಅದೇ ಕ್ರಮ ಸಿಗರೇಟಿಗೂ ಬಂತು.

ಕೂದಲೆಳೆಯಂಥ ಸೂಜಿಗಳನ್ನು ಚುಚ್ಚಿ ಅರ್ಧ ಮುಕ್ಕಾಲು ಗಂಟೆ ಸುಮ್ಮನೆ ಕೂರಿಸುತ್ತಾರೆ. ಕೆಲವರು ಕಿವಿಗೆ ಸಾಸಿವೆಯಷ್ಟು ಬೀಜವನ್ನು ಪ್ಲಾಸ್ಟರಿನಿಂದ ಅಂಟಿಸಿ ಕಳಿಸುತ್ತಾರೆ; ಸೇದಬೇಕೆನಿಸಿದಾಗ ಅದನ್ನು ಒತ್ತಿಕೊಳ್ಳಬೇಕು.

ಇದು ಫಲ ಕೊಡುತ್ತದೆಯೇ? ಸಂಶೋಧಕರು ಒಂದು ಗುಂಪಿಗೆ ಸರಿಯಾದ ಬಿಂದುವಿನಲ್ಲಿ, ಇನ್ನೊಂದು ಗುಂಪಿಗೆ ಬೇಕೆಂದೇ ತಪ್ಪು ಜಾಗದಲ್ಲಿ ಸೂಜಿ ಚುಚ್ಚಿ ಹೋಲಿಸಿದ್ದಾರೆ. ಇಂಥವೂ ಸೇರಿದಂತೆ 38 ಅಧ್ಯಯನಗಳನ್ನು ಒಟ್ಟುಮಾಡಿ ತೂಗಿದ 2014ರ ಕಾಕ್ರೇನ್ ವಿಮರ್ಶೆ ಕಂಡದ್ದಿಷ್ಟು: ಮೊದಲ ಕೆಲವು ವಾರ ಸ್ವಲ್ಪ ನೆರವಾಗಬಹುದು, ಆರು ತಿಂಗಳ ಮೇಲೂ ಚಟ ಬಿಟ್ಟೇ ಇರುತ್ತಾರೆ ಎನ್ನಲು ನೆಚ್ಚಬಹುದಾದ ಪುರಾವೆ ಇಲ್ಲ. ನಿಕೋಟಿನ್ ಚೂಯಿಂಗ್ ಗಮ್, ಪ್ಯಾಚುಗಳು ಸೂಜಿಗಿಂತ ಮೇಲು. ಆದರೂ ಆ ಮೊದಲ ವಾರಗಳನ್ನು ನಾನು ಹಗುರವಾಗಿ ಕಾಣಲಾರೆ. ಸಿಡುಕು, ನಿದ್ದೆಗೇಡು, ತಡೆಯಲಾರದ ಬಯಕೆ ಎಲ್ಲವೂ ಮೇಲೇರುವುದು ಆಗಲೇ, ಬಹಳ ಮಂದಿ ಸೋಲುವುದೂ ಆಗಲೇ.

ಭಾರತಕ್ಕೆ ಆಕ್ಯುಪಂಕ್ಚರ್ ವಿದ್ಯೆ ತಂದವರು ಡಾ. ಬಿಜಯ್ ಕುಮಾರ್ ಬಸು. 1938ರಲ್ಲಿ ಸೊಲ್ಲಾಪುರದ ಡಾ. ಕೋಟ್ನಿಸರೊಂದಿಗೆ ಚೀನಾಕ್ಕೆ ಹೋದ ವೈದ್ಯ ತಂಡದಲ್ಲಿ ಇದ್ದವರು; 1950ರ ದಶಕದ ಕೊನೆಗೆ ಮತ್ತೆ ಅಲ್ಲಿಗೆ ಹೋಗಿ ಕಲಿತು ಕಲ್ಕತ್ತಾದಲ್ಲಿ ಆರಂಭಿಸಿದರು. 2003ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದನ್ನು ಒಂದು ಚಿಕಿತ್ಸಾ ವಿಧಾನವೆಂದು ಒಪ್ಪಿತು. ಕರ್ನಾಟಕದಲ್ಲಿ ಅದು ಉಜಿರೆಯದಂಥ ಪ್ರಕೃತಿ ಚಿಕಿತ್ಸಾ ಕಾಲೇಜುಗಳ ಮೂಲಕ ಬೆಳೆಯಿತು. ಅದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆದಿತ್ತು: 2002ರಲ್ಲಿ ದೇಶದಲ್ಲಿ ಶುರುವಾದ ತಂಬಾಕು ಬಿಡಿಸುವ ಕ್ಲಿನಿಕ್‌ಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯವೂ ಸೇರಿದ್ದವು. ಆಪ್ತಸಲಹೆ, ಔಷಧ, ಮತ್ತೆ ಮತ್ತೆ ವಿಚಾರಿಸುವುದು ಅಲ್ಲಿಯ ಕ್ರಮ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮಟ್ಟಿಗೆ ಹೊಗೆಯ ಮಾತಷ್ಟನ್ನೇ ಆಡಿದರೆ ಅರ್ಧವೇ ಆಡಿದಂತೆ. ಇಲ್ಲಿಯ ದೊಡ್ಡ ಶತ್ರು ದವಡೆಯ ಸಂದಿಯಲ್ಲಿದೆ. ಹೊಗೆಸೊಪ್ಪಿಗೆ ಸುಣ್ಣ ಸೇರಿಸಿ ಕೆನ್ನೆಯೊಳಗೆ ಒತ್ತಿಟ್ಟು, ಎಷ್ಟೋ ಹೆಂಗಸರು ರಾತ್ರಿ ಹಾಗೆಯೇ ಮಲಗುತ್ತಾರೆ. ಕೆನ್ನೆಯ ಒಳಪದರದ ಕ್ಯಾನ್ಸರಿಗೂ ಈ ರೂಢಿಗೂ ಇರುವ ನಂಟನ್ನು ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ವೈದ್ಯರು ವರ್ಷಗಳಿಂದ ಬರೆಯುತ್ತ ಬಂದಿದ್ದಾರೆ. ಸೂಜಿಯ ಅಧ್ಯಯನಗಳೋ ಹೆಚ್ಚುಪಾಲು ಸಿಗರೇಟು ಸೇದುವವರ ಮೇಲೆ ನಡೆದವು. ಹೊಗೆಸೊಪ್ಪಿನ ಅಜ್ಜಿಗೆ ಅವುಗಳ ಲೆಕ್ಕವನ್ನು ಹಾಗೇ ಅನ್ವಯಿಸಲಾಗದು.

ಒಂದೇ ಸಿಟ್ಟಿಂಗಿನಲ್ಲಿ ಗ್ಯಾರಂಟಿ ಎನ್ನುವವರಿಗೆ ದುಡ್ಡು ಕೊಡಬೇಡಿ. ಸೂಜಿ ಬೇಕೆನಿಸಿದರೆ ಓದಿ ಪದವಿ ಪಡೆದವರಲ್ಲಿ, ಹೊಸ ಸೂಜಿಯಿಂದಲೇ ಚುಚ್ಚಿಸಿಕೊಳ್ಳಿ. ಜೊತೆಗೆ ಸಲಹೆ, ಔಷಧ ಬಿಡಬೇಡಿ. ಬಾಯಲ್ಲಿ ಬಿಳಿ ಮಚ್ಚೆಯೋ ಮಾಯದ ಹುಣ್ಣೋ ಕಂಡರೆ ಅಂದೇ ಡಾಕ್ಟರಿಗೆ ತೋರಿಸಿ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ; ನಿಮ್ಹಾನ್ಸ್ ಕೇಂದ್ರದವರು ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುತ್ತಾರೆ.