ಹಗ್ಗ ಹಿಡಿದವನ ಹೊಣೆ, ನೀರಿಗಿಳಿದವನ ಹೊಣೆ

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಕಡೆಯವರಿಗೆ ಕಡಲು ಘಟ್ಟದಾಚೆಯ ಮಾತು. ಅವರು ಬಲ್ಲ ನೀರು ಕೆರೆಯದು, ಬಾವಿಯದು. ಆದರೂ ನೀರಿಗಿಳಿಯುವ ವಿದ್ಯೆಯ ಮೊದಲ ಪಾಠ ಅವರಿಗೆ ಹೊಸದೇನಲ್ಲ. ಬಾವಿಯ ಹೂಳೆತ್ತಲು ಒಬ್ಬ ಕೆಳಗಿಳಿದರೆ ಇನ್ನೊಬ್ಬ ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಲ್ಲಬೇಕು. ಇಳಿದವನ ಜೀವ ಹಿಡಿದವನ ಕೈಯಲ್ಲಿರುತ್ತದೆ. ಹಾಗೆಂದು ತನ್ನ ಸೊಂಟದ ಗಂಟನ್ನು ತಾನೇ ಎಳೆದು ನೋಡದೆ ಇಳಿದವನನ್ನು ಯಾರೂ ಜಾಣನೆನ್ನುವುದಿಲ್ಲ.

ಜೊತೆಗಾರನ ಹೊಣೆ ಎಷ್ಟು, ಸ್ವಂತ ಹೊಣೆ ಎಷ್ಟು? ಹವ್ಯಾಸಕ್ಕಾಗಿ ಕಡಲಾಳಕ್ಕೆ ಇಳಿಯುವ ಸ್ಕೂಬಾ ಡೈವಿಂಗ್‌ನಲ್ಲಿ ಇಂದಿಗೂ ಚರ್ಚೆಯಾಗುವ ಪ್ರಶ್ನೆ ಇದು. ಡೈವರುಗಳು ತಮ್ಮ ಜೊತೆಗಾರನನ್ನು ‘ಬಡ್ಡಿ’ ಎಂದು ಕರೆಯುತ್ತಾರೆ. ಕನ್ನಡದ ಬಡ್ಡಿಗೂ ಈ ಇಂಗ್ಲಿಷ್ ಪದಕ್ಕೂ ನಂಟಿಲ್ಲ. ಆದರೆ ಇಲ್ಲಿಯೂ ಕೊಡು–ಕೊಳ್ಳುವಿಕೆಯ ಲೆಕ್ಕವೊಂದು ಇದ್ದೇ ಇದೆ.

ಗರುಡರ ಪ್ರತಿಜ್ಞೆ

ಜೊತೆಗಾರಿಕೆಯ ಅತ್ಯಂತ ಕಠೋರ ರೂಪವನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ದಕ್ಷಿಣಕ್ಕೆ ಒಂದು ಕಂಬವಿದೆ. ಅದರ ಮೇಲೆ ಕತ್ತಿಯಿಂದ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಶಿಲ್ಪಗಳಿವೆ. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ಗರುಡನಾಗಿದ್ದ ಕುವರ ಲಕ್ಷ್ಮ, ಅವನ ಹೆಂಡತಿ ಹಾಗೂ ಸಂಗಡಿಗರು ಪ್ರಾಣ ತೆತ್ತುದನ್ನು ಅಲ್ಲಿನ ಹಳಗನ್ನಡ ಶಾಸನ ಹೇಳುತ್ತದೆ. ಗರುಡರು ರಾಜನ ಮೈಗಾವಲಿನವರು. ಒಡೆಯನನ್ನು ಕಾಯುವುದು, ಅವನು ಸತ್ತರೆ ತಾವೂ ಸಾಯುವುದು ಅವರ ವ್ರತ. ಒಡೆಯನ ಅನ್ನದ ಋಣಕ್ಕಾಗಿ ಹೋರಾಡುವುದು ‘ಜೋಳವಾಳಿ’ಯಾದರೆ, ಅವನೊಂದಿಗೆ ಸಾಯುವ ಪ್ರತಿಜ್ಞೆ ‘ವೇಳೆವಾಳಿ’.

ಇಲ್ಲಿ ಹೊಣೆ ಒಮ್ಮುಖವಾದದ್ದು. ಗರುಡನಿಗಾಗಿ ರಾಜ ಸಾಯುವುದಿಲ್ಲ. ಕಡಲಾಳದ ಜೊತೆಗಾರ ಇದಕ್ಕಿಂತ ತೀರ ಬೇರೆ ಬಗೆಯವನು. ಅವನು ಹುಟ್ಟಿದ್ದು ರಾಜನಿಷ್ಠೆಯಿಂದಲ್ಲ, ಒಂದು ಯಂತ್ರದಿಂದ.

ಕೊಳವೆ ಕಳಚಿದಾಗ

ಹತ್ತೊಂಬತ್ತನೆಯ ಶತಮಾನದ ಮುಳುಗುಗಾರ ಲೋಹದ ಶಿರಸ್ತ್ರಾಣ ತೊಟ್ಟು ಇಳಿಯುತ್ತಿದ್ದ. ಲಂಡನ್ನಿನಲ್ಲಿ ಆಗಸ್ಟಸ್ ಸೀಬೆ 1830ರ ದಶಕದಲ್ಲಿ ರೂಪಿಸಿದ ಉಡುಪು ಇದಕ್ಕೆ ಪ್ರಸಿದ್ಧ. ಗಾಳಿ ದೋಣಿಯ ಮೇಲಿನ ಪಂಪಿನಿಂದ ಕೊಳವೆಯ ಮೂಲಕ ಬರುತ್ತಿತ್ತು. ಮೇಲೊಬ್ಬ ಹಗ್ಗ ಹಿಡಿದು ಕುಳಿತು, ಅದರ ಜಗ್ಗುವಿಕೆಯಿಂದಲೇ ಕೆಳಗಿನವನ ಕ್ಷೇಮ ತಿಳಿಯುತ್ತಿದ್ದ. ಬಾವಿಕಟ್ಟೆಯ ಏರ್ಪಾಟೇ ಇದು.

1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಈವ್ ಕೂಸ್ತೊ ಮತ್ತು ಎಂಜಿನಿಯರ್ ಎಮೀಲ್ ಗಾನ್ಯಾ ‘ಆಕ್ವಾಲಂಗ್’ ಸಿದ್ಧಪಡಿಸಿದರು. ಬೆನ್ನಿನ ಸಿಲಿಂಡರಿನ ಒತ್ತಿದ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ತಕ್ಕಂತೆ, ಉಸಿರೆಳೆದಾಗ ಮಾತ್ರ ಒದಗಿಸುವ ಕವಾಟವೇ ಅದರ ಮರ್ಮ. ‘ಸ್ಕೂಬಾ’ ಎಂಬುದು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದಾದ ಹೆಸರು. ಮೇಲಿನ ನೆರವಿಲ್ಲದೆ ನೀರಿನಡಿ ಉಸಿರಾಡಲು ನೆರವಾಗುವ ಸ್ವಯಂಪೂರ್ಣ ಸಾಧನವೆಂದು ಅದರ ಅರ್ಥ. ಮನುಷ್ಯ ಮೀನಿನಂತೆ ಸ್ವತಂತ್ರನಾದ. ಆದರೆ ಕೊಳವೆಯೊಂದಿಗೆ ಹಗ್ಗ ಹಿಡಿದವನೂ ಕಾಣೆಯಾದ. ಅವನ ಕೆಲಸವನ್ನು ಇನ್ನು ಯಾರು ಮಾಡಬೇಕು?

ಉತ್ತರ ಸುಲಭವಾಗಿ ಸಿಗಲಿಲ್ಲ. 1946ರ ಆಗಸ್ಟಿನಲ್ಲಿ ಕೂಸ್ತೊ ಮತ್ತು ಗೆಳೆಯ ಫ್ರೆಡರಿಕ್ ದ್ಯುಮಾ ದಕ್ಷಿಣ ಫ್ರಾನ್ಸಿನ ವೋಕ್ಲೂಸ್ ಚಿಲುಮೆಯ ಗುಹೆಗೆ ಇಳಿದರು. ಇಬ್ಬರ ನಡುವೆ ಒಂದು ಹಗ್ಗ, ಮೇಲಕ್ಕೆ ಇನ್ನೊಂದು. ಮೇಲಿನ ಹಗ್ಗವನ್ನು ಹಿಡಿದಿದ್ದವರು ಮೋರಿಸ್ ಫಾರ್ಗ್. ಆಳದಲ್ಲಿ ಇಬ್ಬರಿಗೂ ಮಂಕು ಕವಿಯಿತು. ದ್ಯುಮಾ ಪ್ರಜ್ಞೆ ತಪ್ಪುವ ಸ್ಥಿತಿಗೆ ಬಂದರು. ಕೂಸ್ತೊ ಹಗ್ಗ ಜಗ್ಗಿದರೆ, ಇನ್ನಷ್ಟು ಹಗ್ಗ ಬೇಕೆಂದು ಭಾವಿಸಿದ ಫಾರ್ಗ್ ಸಡಿಲ ಬಿಟ್ಟರು. ಕೊನೆಗೆ ಏನೋ ಎಡವಟ್ಟಾಗಿದೆಯೆಂದು ಊಹಿಸಿ ಅವರು ಮೇಲಕ್ಕೆ ಎಳೆದುದರಿಂದ ಇಬ್ಬರೂ ಉಳಿದರು. ಗಾಳಿ ತುಂಬುವ ಯಂತ್ರ ತನ್ನ ಹೊಗೆಯನ್ನು ತಾನೇ ಹೀರಿ, ಸಿಲಿಂಡರುಗಳಿಗೆ ಕಾರ್ಬನ್ ಮಾನಾಕ್ಸೈಡ್ ಸೇರಿಸಿತ್ತೆಂಬುದು ಆಮೇಲೆ ತಿಳಿಯಿತು. ಒಂದೇ ತಪ್ಪು ಇಬ್ಬರ ಬೆನ್ನಿನ ಮೇಲೂ ಇತ್ತು. ಇಂಥಲ್ಲಿ ಜೊತೆಗಾರನಿದ್ದೂ ಫಲವಿಲ್ಲ. ಇಳಿಯುವ ಮುನ್ನಿನ ಎಚ್ಚರವೊಂದೇ ಕಾಯಬಲ್ಲದು.

ಮರುವರ್ಷ, 1947ರಲ್ಲಿ, ತೂಲೋನ್ ಬಳಿ ಆಳದ ಪರೀಕ್ಷೆಗಾಗಿ ಅದೇ ಫಾರ್ಗ್ ಇಳಿದರು. ಹಗ್ಗದ ಸಂಕೇತ ನಿಂತುಹೋಯಿತು. ಸಂಗಡಿಗರು ಮೇಲಕ್ಕೆಳೆದು ಎಷ್ಟು ಹೊತ್ತು ಆರೈಕೆ ಮಾಡಿದರೂ ಜೀವ ಮರಳಲಿಲ್ಲ. 120 ಮೀಟರ್ ಆಳದ ಹಲಗೆಯ ಮೇಲೆ ಅವರ ಸಹಿ ಮಾತ್ರ ಉಳಿದಿತ್ತು. ಮೇಲಿನ ಹಗ್ಗ ಎಷ್ಟೇ ಗಟ್ಟಿಯಾದರೂ ಕೆಳಗೆ ಮಂಕಾಗುತ್ತಿರುವ ಕಣ್ಣುಗಳನ್ನು ಅದು ನೋಡಲಾರದು.

ಕೆಳಗಿಳಿದ ಕಾವಲುಗಾರ

ಆದ್ದರಿಂದ ಕಾವಲುಗಾರನೇ ನೀರಿಗಿಳಿದ. 1950ರ ದಶಕದಲ್ಲಿ ಡೈವಿಂಗ್ ಹವ್ಯಾಸವಾಗಿ ಹಬ್ಬಿ, ಕ್ಲಬ್ಬುಗಳೂ ತರಬೇತಿ ಸಂಸ್ಥೆಗಳೂ ಬೆಳೆದಾಗ ‘ಒಂಟಿಯಾಗಿ ಇಳಿಯಬೇಡ’ ಎಂಬುದು ಮೊದಲ ನಿಯಮಗಳಲ್ಲಿ ಒಂದಾಯಿತು. ಇಳಿಯುವ ಮುನ್ನ ಇಬ್ಬರೂ ಪರಸ್ಪರರ ಜಾಕೆಟ್, ತೂಕದ ಪಟ್ಟಿ, ಕೊಂಡಿ, ಗಾಳಿಗಳನ್ನು ಪರೀಕ್ಷಿಸಬೇಕು. ಒಬ್ಬನ ಗಾಳಿ ಮುಗಿದರೆ ಕೈಯನ್ನು ಗಂಟಲಿಗೆ ಅಡ್ಡ ಹಿಡಿದು ತೋರಿಸಬೇಕು. ಇನ್ನೊಬ್ಬ ತನ್ನಲ್ಲಿರುವ ಹೆಚ್ಚುವರಿ ಬಾಯಿಕೊಳವೆಯನ್ನು ಕೊಡಬೇಕು. ಹಿಂದೆ ಒಂದನ್ನೇ ಇಬ್ಬರೂ ಸರದಿಯಲ್ಲಿ ಬಾಯಿಗಿಟ್ಟುಕೊಳ್ಳುತ್ತಿದ್ದರು.

ಆದರೆ ಸಹಾಯಕ್ಕೆ ಭೌತಶಾಸ್ತ್ರದ ಮಿತಿಯಿದೆ. ಪ್ರತಿ 10 ಮೀಟರ್ ಆಳಕ್ಕೆ ವಾಯುಮಂಡಲದಷ್ಟೇ ಒತ್ತಡ ಮತ್ತೊಮ್ಮೆ ಸೇರುತ್ತದೆ. 20 ಮೀಟರಿನಲ್ಲಿ ಗಾಳಿ ಮೇಲಿನದಕ್ಕಿಂತ ಮೂರು ಪಟ್ಟು ಬೇಗ ತೀರುತ್ತದೆ. ಗಾಬರಿಗೊಂಡವನು ಉಸಿರು ಬಿಗಿಹಿಡಿದು ಮೇಲೇರಿದರೆ ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿದೀತು. ಅಲ್ಲಿ ಜೊತೆಗಾರ ನಾಲ್ಕು ಮಾರು ದೂರದಲ್ಲಿದ್ದರೂ ದೂರವೇ. ‘ಒಂದೇ ದಿನ ಒಂದೇ ಸಮುದ್ರದಲ್ಲಿದ್ದರೆ ಸಾಕು, ಜೋಡಿ ಎನ್ನುತ್ತಾರೆ’ ಎಂದು ಡೈವರುಗಳು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುವುದುಂಟು.

ಇದಕ್ಕೆ ನೋವಿನ ನಿದರ್ಶನವೂ ಇದೆ. ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿಗಳಿಗೆ ಸುರಕ್ಷಿತ ಡೈವಿಂಗ್ ಕಲಿಸುವ ಕ್ರಮವನ್ನು ಕಟ್ಟಿದವರಲ್ಲಿ ಕಾನ್ರಾಡ್ ಲಿಂಬಾ ಪ್ರಮುಖರು. 1960ರ ಮಾರ್ಚಿನಲ್ಲಿ ಅವರು ಫ್ರಾನ್ಸಿನ ಕಾಸಿ ಬಳಿಯ ನೀರ್ಗುಹೆಯೊಂದರಲ್ಲಿ ಜೊತೆಗಾರನಿಂದ ಬೇರ್ಪಟ್ಟು, ಹೊರದಾರಿ ಕಾಣದೆ ಅಸುನೀಗಿದರು. ಬಲ್ಲವನ ಜೊತೆಯಲ್ಲಿದ್ದೇನೆ, ನನಗೇನು ಭಯ ಎನ್ನುವವರು ನೆನೆಯಬೇಕಾದ ಪ್ರಕರಣವಿದು.

ಒಟ್ಟಿಗೆ ಮರಳುವ ವ್ರತ

ಜೊತೆಗಾರ ಕಣ್ಣಿಗೆ ಕಾಣದಾದಾಗ ಏನು ಮಾಡಬೇಕು? ಸುಮಾರು ಒಂದು ನಿಮಿಷ ಸುತ್ತ ನೋಡಬೇಕು. ಕಾಣದಿದ್ದರೆ ನಿಧಾನವಾಗಿ ಮೇಲೇರಿ, ಅಲ್ಲಿ ಭೇಟಿಯಾಗಬೇಕು. ಕುವರ ಲಕ್ಷ್ಮನ ಕಾಲದವರಿಗೆ ಇದು ದ್ರೋಹವೆನಿಸಬಹುದಿತ್ತು. ಆದರೆ ಇಬ್ಬರೂ ಇದೇ ನಿಯಮವನ್ನು ಪಾಲಿಸುತ್ತಾರೆಂಬ ನಂಬಿಕೆಯಲ್ಲಿಯೇ ಇದರ ಬಲವಿದೆ. ಕೆಳಗೇ ಹುಡುಕುತ್ತ ಗಾಳಿ ಕಳೆದುಕೊಂಡವನು ಒಂದು ಅಪಾಯವನ್ನು ಎರಡಾಗಿಸುತ್ತಾನೆ. ತನ್ನನ್ನು ಕಾಪಾಡಿಕೊಂಡವನೇ ಇನ್ನೊಬ್ಬನಿಗೆ ಆಸರೆಯಾಗಬಲ್ಲ.

ಮತ್ತೊಂದು ನಿಯಮ ಇನ್ನೂ ಗಮನಾರ್ಹ. ಯಾರು ಬೇಕಾದರೂ, ಯಾವಾಗ ಬೇಕಾದರೂ ‘ಸಾಕು, ಮೇಲೆ ಹೋಗೋಣ’ ಎನ್ನಬಹುದು. ಕಾರಣ ಕೇಳುವಂತಿಲ್ಲ, ಅಳುಕೆಂದು ಅಣಕಿಸುವಂತಿಲ್ಲ. ಸ್ವಂತ ಹೊಣೆಯೆಂದರೆ ಒಂಟಿಯಾಗಿರುವುದಲ್ಲ, ಹೊತ್ತಿಗೆ ಸರಿಯಾಗಿ ‘ಬೇಡ’ ಎನ್ನುವ ಧೈರ್ಯ.

ಕರ್ನಾಟಕದಲ್ಲಿ ಈ ಮಾತಿಗೆ ಬೆಲೆ ಬಂದಿರುವುದು ಮುರ್ಡೇಶ್ವರದಿಂದಾಚೆ ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದಲ್ಲಿ. ಅಲ್ಲಿಗೆ ಹೋಗುವವರಲ್ಲಿ ಮೊದಲ ಸಲ ಮುಳುಗುವವರೂ ಇರುತ್ತಾರೆ. ಅಂಥವರನ್ನು ತರಬೇತುದಾರ ಕೈಹಿಡಿದು ಇಳಿಸುತ್ತಾನೆ. ಸಲಕರಣೆ, ಆಳ, ಸಮಯ ಎಲ್ಲವೂ ಅವನ ಹೊಣೆ. ಹಾಗಿದ್ದೂ ಹೊಸಬನಿಗೆ ಸೇರಿದ ಒಂದು ಪಾಲು ಉಳಿದೇ ಇರುತ್ತದೆ. ಆಸ್ತಮಾ ಇದೆಯೇ, ಹೃದ್ರೋಗವಿದೆಯೇ ಎಂಬ ಪ್ರಶ್ನೆಗೆ ನಿಜ ಹೇಳುವುದು, ಕಿವಿ ನೋಯತೊಡಗಿದರೆ ಸಂಕೋಚವಿಲ್ಲದೆ ಸನ್ನೆ ಮಾಡುವುದು. ಇವನ್ನು ಅವನ ಪರವಾಗಿ ಬೇರೆ ಯಾರೂ ಮಾಡಲಾರರು.

ಹಳೇಬೀಡಿನ ಕಂಬ ಒಡೆಯನೊಂದಿಗೆ ಸತ್ತವರ ನೆನಪಿಗಾಗಿ ನಿಂತಿದೆ. ಒಟ್ಟಿಗೆ ಇಳಿದು ಒಟ್ಟಿಗೆ ಮರಳಿದ ಜೋಡಿಗಳಿಗೆ ಯಾರೂ ಕಂಬ ನಿಲ್ಲಿಸುವುದಿಲ್ಲ. ದೋಣಿಗೆ ಹತ್ತಿ, ಸಿಲಿಂಡರ್ ಕಳಚಿ, ಪರಸ್ಪರ ಮುಖ ನೋಡಿ ನಕ್ಕರೆ ಅವರ ವ್ರತ ಮುಗಿಯಿತು.